ಒಂಬತ್ತು ದಿನಗಳ ಮನೆ: ಟಿ.ವಿ. ಕಾರ್ಯಕ್ರಮಕ್ಕಾಗಿ ಸಂಬಳವಿಲ್ಲದೆ ದುಡಿಯುವ ಊರಿನ ಕಟ್ಟಡ ಕೆಲಸಗಾರರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಬಿಬಿಸಿ ಒನ್ ವಾಹಿನಿಯಲ್ಲಿ ಬರುವ ‘ಡಿಐವೈ ಎಸ್‌ಒಎಸ್: ದಿ ಬಿಗ್ ಬಿಲ್ಡ್’ ಕಾರ್ಯಕ್ರಮವನ್ನು ನೋಡಿದ ಕನ್ನಡದ ವೀಕ್ಷಕರು ಸಾಮಾನ್ಯವಾಗಿ ಎರಡು ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಮನೆ ಕಟ್ಟಿಸಿ ನೊಂದವರು ‘ಇದು ಹೇಗೆ ಸಾಧ್ಯ’ ಎನ್ನುತ್ತಾರೆ. ಉಳಿದವರು ‘ಇದು ನಿಜವೇ’ ಎನ್ನುತ್ತಾರೆ. ಎರಡಕ್ಕೂ ಕಟ್ಟಡ ಕೆಲಸದ ಒಳಗಿನಿಂದಲೇ ಉತ್ತರ ಹುಡುಕಬೇಕಾಗುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಕಣ್ಣೀರಿಗಿಂತ ಸಿಮೆಂಟೇ ಹೆಚ್ಚಾಗಿದ್ದರೆ ಓದುಗರು ಮನ್ನಿಸಬೇಕು.

ಈ ಕಾರ್ಯಕ್ರಮದಲ್ಲಿ ನಡೆಯುವುದಾದರೂ ಏನು?

ಅಪಘಾತ, ಕಾಯಿಲೆ ಅಥವಾ ಮನೆಯವರ ಸಾವಿನಿಂದ ಕಷ್ಟಕ್ಕೆ ಸಿಲುಕಿದ, ಇರುವ ಮನೆಯಲ್ಲಿ ಬದುಕುವುದೇ ದುಸ್ತರವಾಗಿರುವ ಒಂದು ಕುಟುಂಬವನ್ನು ಆರಿಸಿಕೊಳ್ಳುತ್ತಾರೆ. ಆ ಕುಟುಂಬವನ್ನು ಬೇರೆ ಕಡೆಗೆ ಕಳುಹಿಸಿ, ಸುಮಾರು ಒಂಬತ್ತು ದಿನಗಳಲ್ಲಿ ಆ ಮನೆಯನ್ನು ಒಡೆದು, ಹಿಗ್ಗಿಸಿ, ಹೊಸದಾಗಿಸಿ, ಕೀಲಿಕೈಯನ್ನು ಮರಳಿ ಕೊಡುತ್ತಾರೆ. ನಿರೂಪಕ ನಿಕ್ ನೋಲ್ಸ್ ಮತ್ತು ಕಾರ್ಯಕ್ರಮದ ನಾಲ್ಕೈದು ಮಂದಿ ಖಾಯಂ ಕುಶಲಕರ್ಮಿಗಳನ್ನು ಬಿಟ್ಟರೆ, ಅಲ್ಲಿ ದುಡಿಯುವವರೆಲ್ಲ ಆ ಊರಿನ ಮತ್ತು ಸುತ್ತಲಿನ ಗಾರೆಯವರು, ಬಡಗಿಗಳು, ಪ್ಲಂಬರುಗಳು, ಎಲೆಕ್ಟ್ರಿಷಿಯನ್ನರು, ಚಾವಣಿ ಹೊದಿಸುವವರು ಮತ್ತು ಬಣ್ಣ ಬಳಿಯುವವರು. ಅವರಲ್ಲಿ ಯಾರಿಗೂ ಕೂಲಿಯಿಲ್ಲ.

1999ರಲ್ಲಿ ಕಾರ್ಯಕ್ರಮ ಆರಂಭವಾದಾಗ ಅದರ ಸ್ವರೂಪವೇ ಬೇರೆಯಾಗಿತ್ತು. ಮನೆಯ ಯಜಮಾನ ತಾನೇ ಸುತ್ತಿಗೆ ಹಿಡಿದು ಕೆಡಿಸಿಟ್ಟ ಅಡುಗೆಮನೆಯನ್ನೋ ಅರ್ಧಕ್ಕೆ ನಿಂತ ಬಚ್ಚಲನ್ನೋ ಸರಿಪಡಿಸಿಕೊಡುವ ತಮಾಷೆಯ ಕಾರ್ಯಕ್ರಮ ಅದು. ಹೆಸರಿನಲ್ಲಿರುವ ‘ಡಿಐವೈ’ (ಕಸುಬಿನವರನ್ನು ಕರೆಯದೆ ಮನೆಯವರೇ ಮಾಡಿಕೊಳ್ಳುವ ಕೆಲಸ) ಮತ್ತು ‘ಎಸ್‌ಒಎಸ್’ (ತುರ್ತು ನೆರವಿನ ಕೂಗು) ಆ ಕಾಲದವು. 2010ರಲ್ಲಿ ಅದು ‘ಬಿಗ್ ಬಿಲ್ಡ್’ ಆಗಿ ಬದಲಾಯಿತು. ಊರಿನವರನ್ನು ಕರೆದು ದೊಡ್ಡ ಕೆಲಸ ಮಾಡಿಸುವ ಈಗಿನ ಕ್ರಮ ಅಲ್ಲಿಂದ ಬಂದದ್ದು.

ಹೀಗೆ ಮಾಡಿದವರಲ್ಲಿ ಇವರೇ ಮೊದಲಿಗರೇ?

ಅಲ್ಲ. ಬಿಬಿಸಿಯಲ್ಲೇ 1989ರಿಂದ 1995ರವರೆಗೆ ಬಂದ ‘ಚಾಲೆಂಜ್ ಅನೆಕಾ’ದಲ್ಲಿ ನಿರೂಪಕಿ ಅನೆಕಾ ರೈಸ್ ಊರಿನ ಅಂಗಡಿ, ಕಾರ್ಖಾನೆ, ಗುತ್ತಿಗೆದಾರರನ್ನು ಕ್ಯಾಮೆರಾದ ಮುಂದೆಯೇ ಕಾಡಿಬೇಡಿ, ಎರಡು ಮೂರು ದಿನಗಳಲ್ಲಿ ಒಂದು ಸೇವಾಕಾರ್ಯವನ್ನು ಮುಗಿಸುತ್ತಿದ್ದರು. 1990ರಲ್ಲಿ ರುಮೇನಿಯಾದ ಸಿರೆಟ್ ಎಂಬಲ್ಲಿಯ ಅನಾಥಾಲಯವೊಂದನ್ನು ದುರಸ್ತಿ ಮಾಡಿದ ಕಂತು ಇಂದಿಗೂ ಅಲ್ಲಿನವರ ನೆನಪಿನಲ್ಲಿದೆ. ಅಮೆರಿಕದ ಎಬಿಸಿ ವಾಹಿನಿ 2003ರ ಡಿಸೆಂಬರಿನಲ್ಲಿ ಆರಂಭಿಸಿದ ‘ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್’ ಇದನ್ನೇ ಏಳು ದಿನಗಳಿಗೆ ಅಳವಡಿಸಿ ಜಗತ್ತಿಗೆಲ್ಲ ಪರಿಚಯಿಸಿತು. ಅದರ ನಿರೂಪಕ ಟೈ ಪೆನಿಂಗ್ಟನ್. ಹೊಸ ಮನೆಗೆ ಅಡ್ಡಲಾಗಿ ನಿಂತ ದೊಡ್ಡ ಬಸ್ಸನ್ನು ಸರಿಸುವಂತೆ ನೆರೆದ ಜನರೆಲ್ಲ ಕೂಗುವುದು ಅದರ ಮುದ್ರೆಯೇ ಆಗಿಹೋಗಿತ್ತು. ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ: ಅಮೆರಿಕದಲ್ಲಿ ಸಾಮಾನ್ಯವಾಗಿ ಆ ಪ್ರದೇಶದ ಒಂದು ದೊಡ್ಡ ನಿರ್ಮಾಣ ಕಂಪನಿ ಮುಂದೆ ನಿಂತು ತನ್ನ ಉಪಗುತ್ತಿಗೆದಾರರನ್ನು ಕರೆತರುತ್ತಿತ್ತು, ಬ್ರಿಟನ್ನಿನಲ್ಲಿ ಒಂದು ವ್ಯಾನು, ಒಂದು ಪೆಟ್ಟಿಗೆ ಸಲಕರಣೆ ಇರುವ ಒಂಟಿ ಕುಶಲಕರ್ಮಿಯೇ ಹೆಚ್ಚಾಗಿ ಬರುತ್ತಾನೆ.

ಟಿ.ವಿ.ಯ ಹಂಗಿಲ್ಲದೆಯೂ ಇಂಥ ಕೆಲಸ ನಡೆದಿದೆ. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಸಂಸ್ಥೆಯ ಸ್ವಯಂಸೇವಕರು, ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೊಡನೆ 2006ರಲ್ಲಿ ಮಹಾರಾಷ್ಟ್ರದ ಲೋನಾವಳಾ ಬಳಿ 100 ಮನೆಗಳನ್ನು ಕಟ್ಟುವ ಕೆಲಸದಲ್ಲಿ ಕೈಜೋಡಿಸಿದ್ದರು.

ಒಂಬತ್ತು ದಿನ ಎನ್ನುವುದು ನಿಜವೇ, ಇಲ್ಲ ಕ್ಯಾಮೆರಾದ ಕಣ್ಕಟ್ಟೇ?

ನಿಜವೇ, ಆದರೆ ಅರ್ಧ ಸತ್ಯ. ಒಂಬತ್ತು ದಿನ ಎಂಬುದು ನಿವೇಶನದಲ್ಲಿ ಕೆಲಸಗಾರರು ದುಡಿಯುವ ಅವಧಿಯೇ ಹೊರತು ಮನೆ ಆಗುವ ಅವಧಿಯಲ್ಲ. ಅದಕ್ಕೆ ಮೊದಲು ನಕ್ಷೆ, ಸ್ಟ್ರಕ್ಚರಲ್ ಇಂಜಿನಿಯರನ ಲೆಕ್ಕ, ಸ್ಥಳೀಯ ಆಡಳಿತದ ಅನುಮತಿ, ನೆರೆಮನೆಯವರ ಒಪ್ಪಿಗೆ, ಸಾಮಗ್ರಿಯ ಜೋಡಣೆ ಎಂದು ತಿಂಗಳುಗಳ ಕೆಲಸ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಸಾಧಾರಣ ಮನೆಯ ವಿಸ್ತರಣೆಗೆ ಯೋಜನಾ ಅನುಮತಿಯ ತೀರ್ಮಾನಕ್ಕೇ ಎಂಟು ವಾರಗಳ ಗಡುವಿದೆ. ಹಂಚಿಕೆಯ ಗೋಡೆಯನ್ನು ಮುಟ್ಟುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ ಪಕ್ಕದ ಮನೆಯವರಿಗೆ ಎರಡು ತಿಂಗಳ ಮೊದಲೇ ನೋಟಿಸು ಕೊಡಬೇಕು. ಇವುಗಳಲ್ಲಿ ಯಾವುದನ್ನೂ ಟಿ.ವಿ.ಯಲ್ಲಿ ತೋರಿಸುವುದಿಲ್ಲ; ತೋರಿಸಿದರೂ ಯಾರೂ ನೋಡುವುದಿಲ್ಲ.

ವೇಗದ ಗುಟ್ಟು ಎಲ್ಲಿದೆ ಎಂಬುದನ್ನು ಒಂದು ಕಿಟಕಿಯಿಂದಲೇ ಹೇಳಬಹುದು. ನಮ್ಮಲ್ಲಾಗಲಿ ಅಲ್ಲಾಗಲಿ ದುರಸ್ತಿ ಕೆಲಸದ ರೂಢಿ ಏನೆಂದರೆ, ಮೊದಲು ಗೋಡೆ ಕಟ್ಟಿ, ಕಿಟಕಿಯ ಜಾಗವನ್ನು ಟೇಪು ಹಿಡಿದು ಅಳೆದು, ಆಮೇಲೆ ಕಿಟಕಿಗೆ ಆರ್ಡರು ಕೊಡುವುದು. ಆ ಕಿಟಕಿ ಬರುವುದಕ್ಕೆ ವಾರಗಳೇ ಹಿಡಿಯುತ್ತವೆ. ಒಂಬತ್ತು ದಿನದ ಮನೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕಿಟಕಿ ಮೊದಲೇ ನಕ್ಷೆಯ ಅಳತೆಗೆ ತಯಾರಾಗಿ ಗೋದಾಮಿನಲ್ಲಿ ಕುಳಿತಿರುತ್ತದೆ. ಅದು ಕೂರುವಷ್ಟೇ ಜಾಗವನ್ನು ಬಿಟ್ಟು ಗೋಡೆ ಕಟ್ಟುವ ಹೊಣೆ ಗಾರೆಯವನದು. ಹತ್ತು ಮಿಲಿಮೀಟರ್ ಕಡಿಮೆ ಬಿಟ್ಟರೆ ಕಿಟಕಿ ಒಳಗೆ ಹೋಗುವುದಿಲ್ಲ, ಗೋಡೆ ಕೆಡವಲು ಸಮಯವೂ ಇಲ್ಲ. ನಿನ್ನೆಯವರೆಗೆ ಮುಖವನ್ನೇ ನೋಡಿರದ ಆರು ಮಂದಿ ಗಾರೆಯವರು ಒಂದೇ ದಾರಕ್ಕೆ, ಒಂದೇ ರಸಮಟ್ಟಕ್ಕೆ ಕೆಲಸ ಮಾಡಿ ಆ ಅಳತೆಯನ್ನು ಉಳಿಸಿಕೊಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ನಿಜವಾದ ಪವಾಡ ಇದೇ. ಕೊನೆಯಲ್ಲಿ ಬಾಗಿಲು ತೆರೆಯುವ ದೃಶ್ಯ ಅದರ ಮುಂದೆ ಸಪ್ಪೆ.

ಇನ್ನು ಅಡುಗೆಮನೆಯ ಕಟ್ಟೆ. ಕ್ವಾರ್ಟ್ಜ್ ಅಥವಾ ಗ್ರಾನೈಟ್ ಕಲ್ಲು ಹಾಕಬೇಕಾದರೆ, ಕೆಳಗಿನ ಕಪಾಟುಗಳನ್ನೆಲ್ಲ ಕೂರಿಸಿದ ಮೇಲೆ ಅಚ್ಚು ತೆಗೆದುಕೊಂಡು ಹೋಗಿ, ಕಾರ್ಖಾನೆಯಲ್ಲಿ ಕೊಯ್ದು ತರುವುದು ಕ್ರಮ. ಒಂಬತ್ತು ದಿನದಲ್ಲಿ ಅದು ಕೂಡಿಬರುವುದು ಕಷ್ಟ. ಹಾಗಾಗಿ ಸ್ಥಳದಲ್ಲೇ ಗರಗಸದಿಂದ ಕೊಯ್ಯಬಹುದಾದ ಲ್ಯಾಮಿನೇಟ್ ಅಥವಾ ಮರದ ಹಲಗೆಯೇ ಇಂಥ ಕೆಲಸಕ್ಕೆ ಹೊಂದುತ್ತದೆ. ವಿನ್ಯಾಸಕಾರರ ರುಚಿ ಎಂದು ನಾವು ಅಂದುಕೊಳ್ಳುವ ಎಷ್ಟೋ ಸಂಗತಿಗಳು ಹೀಗೆ ಕ್ಯಾಲೆಂಡರಿನ ತೀರ್ಮಾನಗಳು.

ಕಾಂಕ್ರೀಟು ಮತ್ತು ಗಿಲಾವು ಒಣಗುವುದಕ್ಕೇ ಒಂಬತ್ತು ದಿನ ಸಾಲದಲ್ಲವೇ?

ಸಾಲದು. ಸಾಧಾರಣ ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಲೆಕ್ಕ ಹಾಕುತ್ತಾರೆ. ಏಳನೆಯ ದಿನಕ್ಕೆ ಅದರ ಮೂರರಲ್ಲಿ ಎರಡು ಪಾಲು ಮಾತ್ರ ಬಂದಿರುತ್ತದೆ. ನೆಲಕ್ಕೆ ಹಾಕುವ ಮರಳು-ಸಿಮೆಂಟಿನ ಸ್ಕ್ರೀಡ್ ದಿನಕ್ಕೆ ಒಂದು ಮಿಲಿಮೀಟರಿನಂತೆ ಒಣಗುತ್ತದೆ ಎಂಬುದು ಕಸುಬಿನವರ ಸ್ಥೂಲ ಲೆಕ್ಕ. ಅಂದರೆ 65 ಮಿ.ಮೀ. ದಪ್ಪದ ನೆಲಕ್ಕೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಮರದ ಹಲಗೆಯನ್ನೋ ವಿನೈಲನ್ನೋ ಹಾಸಿದರೆ, ಕೆಳಗಿನ ತೇವ ಮೇಲೆದ್ದು ಆರೇ ತಿಂಗಳಲ್ಲಿ ಹಲಗೆ ಉಬ್ಬಿಕೊಳ್ಳುತ್ತದೆ.

ಆದ್ದರಿಂದ ಬುದ್ಧಿವಂತ ಗುತ್ತಿಗೆದಾರ ನೀರಿನ ಕೆಲಸವನ್ನು ಆದಷ್ಟು ತಪ್ಪಿಸುತ್ತಾನೆ. ಮರದ ಚೌಕಟ್ಟಿನ ಗೋಡೆ, ಕಾರ್ಖಾನೆಯಲ್ಲೇ ಸಿದ್ಧಪಡಿಸಿದ ಫಲಕ, ಉಕ್ಕಿನ ತೊಲೆ ಮತ್ತು ಜಿಪ್ಸಮ್ ಬೋರ್ಡು ಇವುಗಳಲ್ಲಿ ಕ್ಯೂರಿಂಗ್, ಅಂದರೆ ನೀರುಣಿಸಿ ಗಟ್ಟಿಯಾಗಲು ಬಿಡುವುದು, ಎಂಬ ಮಾತೇ ಇಲ್ಲ. ತಪ್ಪಿಸಲಾಗದ ಕಡೆ ಬೇಗ ಗಟ್ಟಿಯಾಗುವ ಸಿಮೆಂಟನ್ನೂ, ಬೇಗ ಒಣಗುವ ಸ್ಕ್ರೀಡನ್ನೂ ಬಳಸುತ್ತಾನೆ. ಅವು ದುಬಾರಿ, ಆದರೆ ಇಲ್ಲಿ ಹಣಕ್ಕಿಂತ ದಿನ ದುಬಾರಿ.

ಜಿಪ್ಸಮ್ ಬೋರ್ಡಿನ ಮೇಲೆ ಬಳಿಯುವ ತೆಳು ಗಿಲಾವು ಮಾತ್ರ ಉಳಿಯುತ್ತದೆ. ಎಲ್ಲರ ನರ ಬಿಗಿಯಾಗುವುದೂ ಅಲ್ಲಿಯೇ. ಕಲಸಿದ ಆ ಗಾರೆ ಸುಮಾರು ಒಂದೂವರೆ ಗಂಟೆಯಲ್ಲಿ ಬಿಗಿದುಕೊಳ್ಳುತ್ತದೆ. ಆ ಅವಧಿಯಲ್ಲಿ ಕೆಲಸಗಾರ ಒಮ್ಮೆ ಬಳಿದು, ಎರಡನೆಯ ಪದರ ಎಳೆದು, ಅದು ಬೆರಳಿಗೆ ಅಂಟದಷ್ಟು ಬಿಗಿಯುವ ಹೊತ್ತಿಗೆ ಸರಿಯಾಗಿ ಕರಣೆಯನ್ನು ಒತ್ತಿ ನಯ ಮಾಡಬೇಕು. ಬೇಗ ಒತ್ತಿದರೆ ಗೀರು, ತಡವಾದರೆ ಒರಟು. ಅತ್ತ ಎಲೆಕ್ಟ್ರಿಷಿಯನ್ ಇನ್ನೊಂದು ಸ್ವಿಚ್ಚಿನ ತಂತಿ ಮರೆತಿದ್ದೇನೆಂದು ಡ್ರಿಲ್ ಹಿಡಿದು ಬಂದರೆ, ಇತ್ತ ಬಕೆಟ್ಟಿನಲ್ಲಿರುವ ಗಾರೆ ಕಾಯುವುದಿಲ್ಲ. ಆಗ ಬಾಗಿಲಲ್ಲಿ ನಡೆಯುವ ಮಾತುಕತೆಯನ್ನು ಪ್ರಸಾರಕ್ಕೆ ಮೊದಲು ಕತ್ತರಿಸುವುದೇ ಒಳ್ಳೆಯದು.

ಕೆಲಸಗಾರರು ಏಕೆ ಬರುತ್ತಾರೆ? ಅವರಿಗೇನು ಲಾಭ?

ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ಅವರಿಗೆ ಏನು ನಷ್ಟ ಎಂದು ಕೇಳುವುದು ಹೆಚ್ಚು ಉಪಯುಕ್ತ. ಬ್ರಿಟನ್ನಿನ ಕಟ್ಟಡ ಕುಶಲಕರ್ಮಿಗಳಲ್ಲಿ ಬಹಳ ಮಂದಿ ಸ್ವಂತ ಕಸುಬಿನವರು. ಕೆಲಸಕ್ಕೆ ಹೋದ ದಿನ ಸಂಪಾದನೆ, ಹೋಗದ ದಿನ ಇಲ್ಲ. ಅಂಥವನು ಮೂರು ದಿನ ಬಂದು ದುಡಿದನೆಂದರೆ ಮೂರು ದಿನದ ಸಂಪಾದನೆಯನ್ನು ಕೊಟ್ಟನೆಂದೇ ಅರ್ಥ. ಜೊತೆಗೆ, ಒಪ್ಪಿಕೊಂಡಿದ್ದ ಇನ್ನೊಂದು ಮನೆಯ ಕೆಲಸವನ್ನು ಮುಂದೆ ಹಾಕಿ ಆ ಮನೆಯವರ ಮುನಿಸನ್ನೂ ಕಟ್ಟಿಕೊಂಡಿರುತ್ತಾನೆ. ಹಣವಂತರು ಬರೆಯುವ ಚೆಕ್ಕಿಗಿಂತ ಇದು ಭಾರವಾದ ದಾನ.

ಬರುವ ಕಾರಣಗಳು ಬೇರೆ ಬೇರೆ. ಕೆಲವರಿಗೆ ಆ ಕುಟುಂಬದ ಪರಿಚಯವಿರುತ್ತದೆ, ಕೆಲವರ ಮನೆಯಲ್ಲೂ ಅಂಥದೇ ಕಷ್ಟ ನಡೆದಿರುತ್ತದೆ, ಕೆಲವರಿಗೆ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವ ಆಸೆಯೂ ಇರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಹೊಸ ಗಿರಾಕಿಗಳು ಸಿಗಬಹುದೆಂಬ ಲೆಕ್ಕವೂ ಇದ್ದೀತು. ಆದರೆ ನೂರಾರು ಮಂದಿಯ ನಡುವೆ ಎರಡು ಸೆಕೆಂಡು ಬೆನ್ನು ಕಾಣಿಸಿದ ಮಾತ್ರಕ್ಕೆ ಯಾರಿಗೂ ಗಿರಾಕಿ ಹೆಚ್ಚುವುದಿಲ್ಲ ಎಂಬುದು ಅವರಿಗೂ ಗೊತ್ತು. ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲು, ಗುಡಿಸಲಿನ ಹೊದಿಕೆಗೆ ಮುಯ್ಯಾಳು ಹೋಗುವ ಪದ್ಧತಿ ಇತ್ತಲ್ಲ, ಅದನ್ನು ಬಲ್ಲವರಿಗೆ ಈ ಹುರುಪು ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ: ಮುಯ್ಯಾಳಿನಲ್ಲಿ ಇಂದು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರಬೇಕೆಂಬ ಲೆಕ್ಕವಿರುತ್ತದೆ, ಇಲ್ಲಿ ಮರಳಿಸುವ ಶಕ್ತಿಯೇ ಇಲ್ಲದವರಿಗೆ ಮಾಡಲಾಗುತ್ತದೆ.

ಸಾಮಗ್ರಿಯ ಖರ್ಚು ಯಾರದು?

ಇಟ್ಟಿಗೆ, ಮರ, ಟೈಲ್ಸ್, ಬಣ್ಣ, ಸ್ನಾನಗೃಹದ ಸಾಮಾನು ಮೊದಲಾದವು ಬಹುಪಾಲು ವ್ಯಾಪಾರಿಗಳ ಮತ್ತು ತಯಾರಕರ ಕೊಡುಗೆ. ಬಿಬಿಸಿ ಸಾರ್ವಜನಿಕ ವಾಹಿನಿಯಾದ್ದರಿಂದ ಕೊಟ್ಟವರ ಹೆಸರನ್ನು ಪರದೆಯ ಮೇಲೆ ಮೆರೆಸುವಂತಿಲ್ಲ. ಅಮೆರಿಕದ ಕಾರ್ಯಕ್ರಮದಲ್ಲಿ ಅಂಥ ಸಂಕೋಚವಿರಲಿಲ್ಲ. ಸಿಯರ್ಸ್ ಕಂಪನಿಯ ಉಪಕರಣಗಳು ಕಂತಿನ ಉದ್ದಕ್ಕೂ ಢಾಳಾಗಿ ಕಾಣಿಸುತ್ತಿದ್ದವು.

ಅವಸರದ ಕೆಲಸದಲ್ಲಿ ಸುರಕ್ಷತೆಯ ಗತಿಯೇನು? ಸ್ವಯಂಸೇವಕರಿಗೆ ಕಾನೂನು ಅನ್ವಯಿಸುವುದಿಲ್ಲವೇ?

ಕೂಲಿ ಇಲ್ಲವೆಂದ ಮಾತ್ರಕ್ಕೆ ಕಾನೂನು ರಜೆ ಹಾಕುವುದಿಲ್ಲ. ನಿರ್ಮಾಣ ಸ್ಥಳದ ಹೊಣೆ ಯಾರದೆಂಬುದನ್ನು ಹೇಳುವ 2015ರ ಸಿಡಿಎಂ ನಿಯಮಾವಳಿ ಮತ್ತು ಎತ್ತರದಲ್ಲಿ ಕೆಲಸ ಮಾಡುವುದಕ್ಕೆ ಸಂಬಂಧಿಸಿದ 2005ರ ನಿಯಮಾವಳಿಯ ಚೌಕಟ್ಟಿನೊಳಗೇ ಇಂಥ ಕೆಲಸವೂ ನಡೆಯಬೇಕು. ಬ್ರಿಟನ್ನಿನ ಕಟ್ಟಡ ಕೆಲಸದಲ್ಲಿ ಅತಿ ಹೆಚ್ಚು ಸಾವು ಸಂಭವಿಸುವುದು ಎತ್ತರದಿಂದ ಬಿದ್ದು. ರಾತ್ರಿ ದೀಪದ ಬೆಳಕಿನಲ್ಲಿ, ಮಳೆಯಲ್ಲಿ, ಮೂರನೆಯ ದಿನದ ದಣಿವಿನಲ್ಲಿ ಚಾವಣಿ ಏರುವವರಿಗೆ ಆ ಅಪಾಯ ಇನ್ನೂ ಹತ್ತಿರ. ಆದುದರಿಂದ ಬಂದವರೆಲ್ಲರಿಗೂ ಬೆಳಿಗ್ಗೆ ಸುರಕ್ಷತೆಯ ಪಾಠ ಹೇಳಿ, ಹೆಲ್ಮೆಟ್ಟು, ಬೂಟು, ಹೊಳೆಯುವ ಅಂಗಿ ಇದ್ದವರನ್ನಷ್ಟೇ ಒಳಗೆ ಬಿಡಬೇಕಾಗುತ್ತದೆ.

ಎರಡು ವಿಷಯಗಳನ್ನು ಮಾತ್ರ ಯಾವ ಅವಸರಕ್ಕೂ ಬಿಟ್ಟುಕೊಡುವಂತಿಲ್ಲ. ಒಂದು, ಅನಿಲದ ಕೆಲಸವನ್ನು ‘ಗ್ಯಾಸ್ ಸೇಫ್’ ಎಂಬ ಅಲ್ಲಿನ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರೇ ಮಾಡಬೇಕು. ಒಳ್ಳೆಯ ಮನಸ್ಸಿನ ಪ್ಲಂಬರಿಗೂ ಅದು ಇಲ್ಲದಿದ್ದರೆ ಬಾಯ್ಲರು ಮುಟ್ಟುವ ಹಕ್ಕಿಲ್ಲ. ಇನ್ನೊಂದು, 2000ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಒಡೆಯುವ ಮೊದಲು ಕಲ್ನಾರಿನ (ಆಸ್ಬೆಸ್ಟಾಸ್) ತಪಾಸಣೆ ಆಗಿರಬೇಕು. ಮೊದಲ ದಿನ ಇಪ್ಪತ್ತು ಮಂದಿ ನಗುತ್ತಾ ಸುತ್ತಿಗೆಯಿಂದ ಚಾವಣಿ ಒಡೆಯುವ ದೃಶ್ಯ ನೋಡಲು ಚೆಂದ, ಆದರೆ ಆ ಧೂಳಿನಲ್ಲಿ ಕಲ್ನಾರು ಇದ್ದರೆ ಅದರ ಫಲ ಇಪ್ಪತ್ತು ಮೂವತ್ತು ವರ್ಷಗಳ ನಂತರ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ.

ಕ್ಯಾಮೆರಾದವರಿಂದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲವೇ?

ಆಗುತ್ತದೆ. ಸಂದರ್ಶನ ನಡೆಯುವಾಗ ಪಕ್ಕದ ಕೋಣೆಯ ಗರಗಸ ನಿಲ್ಲಬೇಕು. ಒಮ್ಮೆ ಹೊತ್ತು ತಂದ ತೊಲೆಯನ್ನು ಇನ್ನೊಂದು ಕೋನದಿಂದ ಮತ್ತೊಮ್ಮೆ ಹೊತ್ತು ತರಬೇಕಾಗಬಹುದು. ಆದರೆ ಕ್ಯಾಮೆರಾ ಇಲ್ಲದಿದ್ದರೆ ಅಷ್ಟು ಕೆಲಸಗಾರರೂ ಅಷ್ಟು ಸಾಮಗ್ರಿಯೂ ಅಲ್ಲಿ ಕೂಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಾಗಾಗಿ ಗೊಣಗುತ್ತಲೇ ಹೊಂದಿಕೊಳ್ಳುತ್ತಾರೆ.

ವಿಕಲಚೇತನರಿರುವ ಮನೆಯಲ್ಲಿ ಬೇರೆ ಏನು ಮಾಡಬೇಕಾಗುತ್ತದೆ?

ಬಹಳಷ್ಟು ಕೆಲಸ ಕಣ್ಣಿಗೆ ಕಾಣದಂಥದ್ದು. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಸುಮಾರು 1,500 ಮಿ.ಮೀ. ವ್ಯಾಸದ ಖಾಲಿ ಜಾಗ ಬೇಕು. ಹಳೆಯ ಸಾಲುಮನೆಗಳ ಬಚ್ಚಲಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಹಾಸಿಗೆಯಿಂದ ಬಚ್ಚಲಿಗೆ ರೋಗಿಯನ್ನು ಎತ್ತಿ ಸಾಗಿಸುವ ಹಳಿಯನ್ನು ಚಾವಣಿಗೆ ತೂಗುಹಾಕುವುದಾದರೆ, ಆ ಭಾರ ಹೊರುವ ಅಡ್ಡತೊಲೆಗಳನ್ನು ಬೋರ್ಡು ಮುಚ್ಚುವ ಮೊದಲೇ ಕೂರಿಸಿರಬೇಕು. ಹಿಡಿಕೆ ಬರುವ ಗೋಡೆಯೊಳಗೆ ಪ್ಲೈವುಡ್ ಹಲಗೆ ಇಟ್ಟಿರಬೇಕು. ಇಲ್ಲದಿದ್ದರೆ ಬರಿಯ ಜಿಪ್ಸಮ್ ಬೋರ್ಡಿಗೆ ಬಿಗಿದ ಹಿಡಿಕೆ ಒಬ್ಬರ ಭಾರಕ್ಕೆ ಕಿತ್ತು ಬರುತ್ತದೆ. ಬಚ್ಚಲಿನ ನೆಲಕ್ಕೆ ನೀರು ನಿಲ್ಲದೆ ಹರಿಯುವ ಇಳಿಜಾರು ಇರಬೇಕು, ಆದರೆ ಗಾಲಿ ಜಾರಬಾರದು. ಕುಟುಂಬದವರು ಬಂದು ಗೋಡೆಯ ಬಣ್ಣ ನೋಡಿ ಅಳುತ್ತಾರೆ. ಅವರ ಮುಂದಿನ ಇಪ್ಪತ್ತು ವರ್ಷಗಳನ್ನು ಹಗುರ ಮಾಡುವುದು ಗೋಡೆಯೊಳಗಿನ ಆ ಪ್ಲೈವುಡ್.

ಒಂದು ಮನೆಗಿಂತ ದೊಡ್ಡ ಕೆಲಸಗಳೂ ನಡೆದಿವೆಯೇ?

ನಡೆದಿವೆ. 2015ರಲ್ಲಿ ಮ್ಯಾಂಚೆಸ್ಟರಿನ ನ್ಯೂಟನ್ ಹೀತ್ ಬಡಾವಣೆಯ ಕೆನಡಾ ಸ್ಟ್ರೀಟ್‌ನಲ್ಲಿ, ಪಾಳುಬಿದ್ದಿದ್ದ ಸಾಲುಮನೆಗಳನ್ನು ನಿವೃತ್ತ ಸೈನಿಕರಿಗಾಗಿ ಎತ್ತಿನಿಲ್ಲಿಸುವ ಕೆಲಸ ನಡೆಯಿತು. ರಾಜಕುಮಾರ ವಿಲಿಯಂ ಮತ್ತು ಹ್ಯಾರಿ ಅಲ್ಲಿಗೆ ಬಂದು ಸಲಕರಣೆ ಹಿಡಿದದ್ದು ಸುದ್ದಿಯಾಯಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಬೆಂಕಿ ಬಿದ್ದು 72 ಮಂದಿ ತೀರಿಕೊಂಡರು. ಆ ಕಟ್ಟಡದಲ್ಲೇ ಇದ್ದ ಡೇಲ್ ಯೂತ್ ಬಾಕ್ಸಿಂಗ್ ಕ್ಲಬ್ ಕೂಡ ನೆಲೆ ಕಳೆದುಕೊಂಡಿತು. ಸಮೀಪದ ವೆಸ್ಟ್‌ವೇ ಮೇಲ್ಸೇತುವೆಯ ಕೆಳಗೆ ಆ ಕ್ಲಬ್ಬಿಗೂ ಸಮುದಾಯಕ್ಕೂ ಹೊಸ ಜಾಗ ಕಟ್ಟಿಕೊಟ್ಟ ಕಂತುಗಳು 2018ರಲ್ಲಿ ಪ್ರಸಾರವಾದವು. ನಾನು ಮೆಚ್ಚುವುದು ಈ ಬಗೆಯ ಕೆಲಸವನ್ನೇ: ಒಂದೇ ಕುಟುಂಬ ಪುಣ್ಯವಂತವಾಗುವ ಬದಲು ಒಂದು ಕೇರಿಯ ಹುಡುಗರೆಲ್ಲ ಸಂಜೆ ಹೋಗಿ ಸೇರುವ ಜಾಗವೊಂದು ಉಳಿದುಕೊಳ್ಳುತ್ತದೆ.

ಅಮೆರಿಕದಲ್ಲಿ, 2011ರ ಮೇ 22ರ ಸುಂಟರಗಾಳಿಗೆ ದೊಡ್ಡ ಭಾಗವೇ ನೆಲಸಮವಾದ ಮಿಸೌರಿಯ ಜಾಪ್ಲಿನ್ ಊರಿನಲ್ಲಿ ‘ಎಕ್ಸ್‌ಟ್ರೀಮ್ ಮೇಕೋವರ್’ ತಂಡ ಅದೇ ವರ್ಷ ಏಳು ದಿನಗಳಲ್ಲಿ ಏಳು ಮನೆಗಳನ್ನು ಕಟ್ಟಿತು. ಆ ಕಂತು 2012ರ ಜನವರಿಯಲ್ಲಿ ಪ್ರಸಾರವಾಯಿತು.

ಅಮೆರಿಕದಲ್ಲಿ ಹೀಗೆ ಪಡೆದ ಮನೆಗಳನ್ನು ಕೆಲವರು ಕಳೆದುಕೊಂಡರು ಎನ್ನುತ್ತಾರಲ್ಲ?

ಕೆಲವು ಪ್ರಕರಣಗಳು ನಿಜ. ಜಾರ್ಜಿಯಾ ರಾಜ್ಯದ ಒಂದು ಕುಟುಂಬ ಹೊಸ ಮನೆಯನ್ನು ಅಡವಿಟ್ಟು 4,50,000 ಡಾಲರ್ ಸಾಲ ತೆಗೆದು, ವ್ಯಾಪಾರದಲ್ಲಿ ಸೋತು, 2008ರಲ್ಲಿ ಹರಾಜಿನ ಅಂಚಿಗೆ ಬಂದದ್ದು ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಜನ ಆ ಕುಟುಂಬವನ್ನು ಬೈದರು. ಆದರೆ ತಪ್ಪಿನ ಒಂದು ಪಾಲು ಮನೆಯ ಗಾತ್ರದ್ದೂ ಹೌದು. ಟಿ.ವಿ.ಗೆ ದೊಡ್ಡದೇ ಬೇಕು. ದೊಡ್ಡ ಮನೆಯ ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ವಿಮೆ ಎಲ್ಲವೂ ದೊಡ್ಡದೇ. ಮೊದಲೇ ಕಷ್ಟದಲ್ಲಿದ್ದವರಿಗೆ ಅದು ಕೊಡುಗೆಯೂ ಹೌದು, ಹೊರೆಯೂ ಹೌದು. ತೆರಿಗೆಯ ವಿಷಯದಲ್ಲಿ ಅವರು ಹೂಡಿದ ಉಪಾಯವೂ ಸ್ವಾರಸ್ಯಕರವಾಗಿದೆ: ವರ್ಷಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಅವಧಿಗೆ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟರೆ ಆ ಆದಾಯಕ್ಕೆ ಅಲ್ಲಿ ತೆರಿಗೆಯಿಲ್ಲ. ಚಿತ್ರೀಕರಣದ ಅವಧಿಗೆ ಮನೆಯನ್ನು ಬಾಡಿಗೆಗೆ ಪಡೆದಂತೆ ತೋರಿಸಿ, ಕಟ್ಟಿದ್ದೆಲ್ಲವನ್ನೂ ಬಾಡಿಗೆದಾರ ಮಾಡಿಸಿದ ಸುಧಾರಣೆ ಎಂದು ಎಣಿಸಲಾಗುತ್ತಿತ್ತು. ಇದು ಸರಿಯೇ ಎಂಬ ಬಗ್ಗೆ ತೆರಿಗೆ ತಜ್ಞರಲ್ಲಿ ಚರ್ಚೆ ನಡೆದಿದೆ.

ಇದು ಸರ್ಕಾರ ಮಾಡಬೇಕಾದ ಕೆಲಸವಲ್ಲವೇ?

ಹೌದು, ಮತ್ತು ಸ್ವಲ್ಪ ಮಟ್ಟಿಗೆ ಅದು ಮಾಡುತ್ತಲೂ ಇದೆ. ವಿಕಲಚೇತನರ ಮನೆಯ ಮಾರ್ಪಾಟಿಗೆ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು 30,000 ಪೌಂಡ್‌ವರೆಗೆ ಅನುದಾನ ಕೊಡುತ್ತವೆ, ಮತ್ತು ಅಂಥ ಕೆಲವು ಕೆಲಸಗಳಿಗೆ ವ್ಯಾಟ್ ವಿನಾಯಿತಿಯೂ ಇದೆ. ಆದರೆ ಒಂದು ಕೋಣೆಯನ್ನೇ ಹೊಸದಾಗಿ ಕಟ್ಟಬೇಕಾದಾಗ ಆ ಮೊತ್ತ ಸಾಲದೆ ಹೋಗಬಹುದು. ಆ ಕಂದರಕ್ಕೆ ಬಿದ್ದವರಲ್ಲಿ ಒಬ್ಬರನ್ನು ಟಿ.ವಿ. ಆರಿಸುತ್ತದೆ. ಕಥೆ ಕರುಳು ಹಿಂಡುವಂತಿದ್ದರೆ ಆಯ್ಕೆಯ ಸಾಧ್ಯತೆ ಹೆಚ್ಚು. ಕ್ಯಾಮೆರಾದ ಮುಂದೆ ಮಾತು ಬಾರದ, ಮುಖ ಗಂಟಿಕ್ಕಿಕೊಂಡ ಮುದುಕನಿಗೂ ಗಾಲಿಕುರ್ಚಿ ಏರುವ ಇಳಿಜಾರು ಬೇಕೇ ಆಗಿರುತ್ತದೆ ಎಂಬುದನ್ನು ಮರೆಯಬಾರದು. ಇದು ಕಾರ್ಯಕ್ರಮದ ಮೇಲಿನ ದೂರಲ್ಲ, ಅದರ ಮಿತಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇಂಥ ಕೆಲಸಕ್ಕೆ ಸೇರಬಹುದೇ?

ಕಸುಬು ಗೊತ್ತಿರುವವರು ಮತ್ತು ವಾಸದ ಹಕ್ಕು ಇರುವವರು ಧಾರಾಳವಾಗಿ ಸೇರಬಹುದು. ವೀಸಾದ ಮೇಲೆ ಇರುವವರು ತಮ್ಮ ವೀಸಾದ ಷರತ್ತನ್ನು ಮೊದಲು ಓದಿಕೊಳ್ಳಬೇಕು. ಉದಾಹರಣೆಗೆ, ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಯರಿಗೆ ನೋಂದಾಯಿತ ಸೇವಾಸಂಸ್ಥೆಯಲ್ಲಿ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆಗೆ ಅವಕಾಶವಿದೆ, ಟಿ.ವಿ. ನಿರ್ಮಾಣ ತಂಡ ಅಂಥ ಸಂಸ್ಥೆಯಲ್ಲ. ಐ.ಟಿ. ಕೆಲಸದವರು ಬಂದು ಇಟ್ಟಿಗೆ ಎತ್ತಿಕೊಡುತ್ತೇನೆಂದರೆ ಮೇಸ್ತ್ರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು. ಅಂಥವರಿಗೆ ಊಟ, ಚಹಾ, ಕಸ ಸಾಗಣೆ, ವಾಹನ ನಿಲುಗಡೆಯ ಉಸ್ತುವಾರಿ ಇವೆ. ಇನ್ನೂರು ಮಂದಿ ದುಡಿಯುವ ಜಾಗದಲ್ಲಿ ಮಧ್ಯಾಹ್ನದ ಊಟ ಅರ್ಧ ಗಂಟೆ ತಡವಾದರೆ ನೂರು ಗಂಟೆಯ ದುಡಿಮೆ ಹೋಯಿತೆಂದೇ ಲೆಕ್ಕ.

ಕರ್ನಾಟಕದಲ್ಲಿ ಇದನ್ನು ಹೀಗೆಯೇ ಮಾಡಬಹುದೇ?

ಹೀಗೆಯೇ ಮಾಡಲಾಗದು. ಮೊದಲನೆಯ ಅಡ್ಡಿ ನಮ್ಮ ಆರ್‌ಸಿಸಿ ತಾರಸಿ. ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೂ ಕನಿಷ್ಠ ಏಳು ದಿನ ನೀರುಣಿಸಬೇಕು, ಮಿಶ್ರ ಸಿಮೆಂಟಾದರೆ ಹತ್ತು ದಿನ. ತಾರಸಿಯ ಕೆಳಗಿನ ಸೆಂಟ್ರಿಂಗಿನ ಕಂಬಗಳನ್ನು 4.5 ಮೀಟರಿನವರೆಗಿನ ಹರವಿಗೆ (ಆಧಾರಗಳ ನಡುವಿನ ಅಂತರಕ್ಕೆ) ಏಳು ದಿನದ ಮೊದಲು, ಅದಕ್ಕಿಂತ ದೊಡ್ಡ ಹರವಿಗೆ ಹದಿನಾಲ್ಕು ದಿನದ ಮೊದಲು ತೆಗೆಯುವಂತಿಲ್ಲ. ಒಂಬತ್ತನೆಯ ದಿನ ಕ್ಯಾಮೆರಾ ಬಂದಾಗ ಮನೆಯೊಳಗೆ ಕಂಬಗಳ ಕಾಡು ನಿಂತಿರುತ್ತದೆ. ಉಕ್ಕಿನ ಚೌಕಟ್ಟು, ತಗಡು ಅಥವಾ ಹೆಂಚಿನ ಚಾವಣಿ, ಕಾರ್ಖಾನೆಯ ಫಲಕಗಳನ್ನು ಬಳಸಿದರೆ ಅವಧಿ ಹೊಂದುತ್ತದೆ. ಆದರೆ ‘ತಾರಸಿ ಇಲ್ಲದ ಮನೆ ಒಂದು ಮನೆಯೇ’ ಎನ್ನುವ ಅತ್ತೆಮಾವಂದಿರನ್ನು ಒಪ್ಪಿಸುವುದಕ್ಕೆ ಯಾವ ಮಾನಕವೂ ಇಲ್ಲ.

ಎರಡನೆಯ ಅಡ್ಡಿ ಇನ್ನೂ ಮುಖ್ಯವಾದದ್ದು. ಅಲ್ಲಿನ ಗಾರೆಯವನು ಸಣ್ಣ ಉದ್ಯಮಿ. ನಮ್ಮಲ್ಲಿ ಕರಣೆ ಹಿಡಿಯುವವನು, ಕಲ್ಲು ಹೊರುವವಳು ದಿನಗೂಲಿಯವರು, ಎಷ್ಟೋ ಸಲ ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಬಂದು ಶೆಡ್ಡಿನಲ್ಲಿ ಇರುವವರು. ಅವರನ್ನು ‘ಸೇವೆಗೆ ಬನ್ನಿ’ ಎಂದು ಕರೆಯುವುದು ಸೇವೆಯಲ್ಲ, ಬಿಟ್ಟಿ ಚಾಕರಿ. ಇಲ್ಲಿ ಮಾಡುವುದಾದರೆ ಗುತ್ತಿಗೆದಾರರು, ಇಂಜಿನಿಯರುಗಳು, ಸಾಮಗ್ರಿ ವ್ಯಾಪಾರಿಗಳು ತಮ್ಮ ಪಾಲನ್ನು ಉಚಿತವಾಗಿ ಕೊಡಲಿ. ಕೂಲಿಯವರಿಗೆ ದಿನದ ಕೂಲಿ ಪೂರ್ತಿ ಸಿಗಲಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದವರಿಗೆ ಅಲ್ಲೇ ಅದನ್ನು ಮಾಡಿಸಿಕೊಡಲಿ. ಆ ದೃಶ್ಯವನ್ನು ಟಿ.ವಿ.ಯಲ್ಲಿ ತೋರಿಸಿದರೆ ನಾನೂ ನೋಡುತ್ತೇನೆ.

ಮನೆ ಒಪ್ಪಿಸಿದ ಮೇಲೆ ದೋಷ ಕಂಡರೆ ಯಾರನ್ನು ಕೇಳಬೇಕು?

ಯಾವ ಹೊಸ ಮನೆಯಲ್ಲೂ ಮೊದಲ ವರ್ಷ ಸಣ್ಣಪುಟ್ಟ ದೋಷಗಳು ಇದ್ದೇ ಇರುತ್ತವೆ: ಒಣಗುವ ಮರ ಸಂಕುಚಿಸಿ ಗಿಲಾವಿನಲ್ಲಿ ಎಳೆಬಿರುಕು, ಬಿಗಿಯಾಗುವ ಬಾಗಿಲು, ಹನಿಯುವ ನಲ್ಲಿ. ಇವುಗಳ ಪಟ್ಟಿ ಮಾಡಿ ಸರಿಪಡಿಸುವುದಕ್ಕೆ ಅಲ್ಲಿ ಸ್ನ್ಯಾಗಿಂಗ್ ಎನ್ನುತ್ತಾರೆ. ಕಟ್ಟಡ ನಿಯಮಗಳ ಪ್ರಕಾರ ತಪಾಸಣೆಯಾಗಿ ಪೂರ್ಣತೆಯ ಪ್ರಮಾಣಪತ್ರ ಸಿಗಬೇಕಾದದ್ದು ಈ ಮನೆಗೂ ಅನ್ವಯಿಸುತ್ತದೆ, ವಿದ್ಯುತ್ ಮತ್ತು ಅನಿಲದ ಪ್ರಮಾಣಪತ್ರಗಳೂ ಬೇಕು. ಇಂಥ ಮನೆಗೆ ಸೇರುವ ಕುಟುಂಬ ಆ ಕಾಗದಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡು, ಯಾವ ಕೆಲಸ ಯಾರು ಮಾಡಿದರೆಂಬುದನ್ನು ಅದರಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೆಲಸಗಾರ ಅದೇ ಊರಿನವನಾಗಿರುವುದರ ದೊಡ್ಡ ಅನುಕೂಲ ಇಲ್ಲಿ ಕಾಣುತ್ತದೆ: ಕ್ಯಾಮೆರಾದ ವ್ಯಾನು ಹೋಗಿ ಎರಡು ತಿಂಗಳಾದ ಮೇಲೆ ನಲ್ಲಿ ಸೋರಿದರೆ, ಆ ಪ್ಲಂಬರಿನ ವ್ಯಾನು ಹಿಂದಿನ ಬೀದಿಯಲ್ಲೇ ನಿಂತಿರುತ್ತದೆ.